ಲಾಲ್‌ಬಾಗಿನಲ್ಲಿ ಮಕ್ಕಳೊಡನೆ ಒಂದು ದಿನ

ಪರದೇಶಗಳನ್ನು ನೋಡಬೇಕೆಂಬ ಆಸೆಯು ಅನೇಕರಲ್ಲಿ ಇರುವುದು. ಅದಕ್ಕೆ ಬೇಕಾದ ಹಣವೂ ಬಿಡುವೂ ಕೆಲವರಿಗೆ ಮಾತ್ರ ದೊರೆಯುವುವು. ಆದರೆ ಬೆಂಗಳೂರಿನಲ್ಲಿ ವಾಸಿಸುವವರು ಒಂದು ಬೆಳಗಿನ ಹೊತ್ತಿನಲ್ಲಿ ಕಾಲ್ನಡಿಗೆಯಿಂದಲೇ ಮಡಗಾಸ್ಕರ್ ದ್ವೀಪದ, ಮೆಕ್ಸಿಕೋ ದೇಶದ, ದಕ್ಷಿಣ ಅಮೆರಿಕದ ನಿವಾಸಿಗಳನ್ನು ಕಂಡು ಮಾತನಾಡಿಸಿ ಬರಬಹುದು. ಈ ನಿವಾಸಿಗಳು ಮರುಮಾತು ಕೊಡುವುದಿಲ್ಲ, ನಿಂತಲ್ಲಿಂದ ಕದಲುವುದೂ ಇಲ್ಲ. ಲಾಲ್‌ಬಾಗೆಂದು ಹೆಸರಾದ ಸಸ್ಯೋದ್ಯಾನದ ಮರಗಿಡಗಳನ್ನು ಕುರಿತೇ ನಾವು ಹೀಗೆ ಹೇಳುತ್ತಿರುವುದು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಒಂದು ದಿನವನ್ನು ಕಳೆಯಲು ಇದಕ್ಕಿಂತ ಉಚಿತವಾದ ಸ್ಥಳವು ಈ ನಗರದಲ್ಲಿ ಇಲ್ಲವೆಂದು ನಮ್ಮ ಎಣಿಕೆ.

ಕಳೆದ ಫಾಲ್ಗುಣ ಮಾಸದ ಒಂದು ಶನಿವಾರ ನಾವು ಸಕುಟುಂಬವಾಗಿ ಅಲ್ಲಿಗೆ ಹೋದೆವು. ನಾವು ದಂಪತಿಗಳಿಬ್ಬರು, ಎಂಟು ವರ್ಷದ ಮಗಳು, ಐದು ವರ್ಷದ ಮಗ, ಎರಡು ತುಂಬದ ಕೂಸು, ಇವರೊಡನೆ ಮಕ್ಕಳ ಅಜ್ಜಿ. ಅಜ್ಜಿಯವರು ತಿಪಟೂರಿನ ಕಡೆಯ ಹಳ್ಳಿಯವರು. ಹಿಂದಿನ ಶ್ರಾವಣದಲ್ಲಿ ತಾತನವರು ತೀರಿಕೊಂಡ ಮೇಲೆ, ಹಳೆಯ ಮನೆಯಲ್ಲಿ ಒಬ್ಬರೇ ಇರುವುದು ಹೇಗೆಂದು ಅವರನ್ನು ನಾವು ನಮ್ಮಲ್ಲಿಗೆ ಕರೆತಂದಿದ್ದೆವು. ನಮ್ಮ ಮನೆಯು ಮೂರನೆಯ ಅಂತಸ್ತಿನಲ್ಲಿದೆ, ಅಂಗಳವಿಲ್ಲ, ಹಿತ್ತಲಿಲ್ಲ. ಅಜ್ಜಿಯವರು ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ಹುಡುಗಿಗೆ ಜಡೆ ಹೆಣೆಯುವರು, ಕೂಸನ್ನು ಮಲಗಿಸುವರು, ಉಳಿದ ಹೊತ್ತಿನಲ್ಲಿ ಕಿಟಕಿಯ ಬಳಿ ಕುಳಿತು ಬೀದಿಯಲ್ಲಿರುವ ಹೊಂಗೆಯ ಮರವನ್ನು ನೋಡುತ್ತಿರುವರು. ಆ ಏಳು ತಿಂಗಳಲ್ಲಿ ತಾತನವರ ಮಾತನ್ನು ಮಾತ್ರ ಅವರು ಒಮ್ಮೆಯೂ ಎತ್ತಿರಲಿಲ್ಲ. ಹಳ್ಳಿಯ ಮನೆಯನ್ನೂ ಅದರ ಹಿಂದಿನ ಸಣ್ಣ ತೆಂಗಿನ ತೋಟವನ್ನೂ ಮಾರಿಬಿಡುವುದೋ ಉಳಿಸಿಕೊಳ್ಳುವುದೋ ಎಂಬ ವಿಚಾರವು ನಮ್ಮಲ್ಲಿ ನಡೆದಿತ್ತು. ಕೊಳ್ಳಲು ಬಂದವರು ಯುಗಾದಿಯೊಳಗಾಗಿ ಉತ್ತರವನ್ನು ಬಯಸಿದ್ದರು. ಅಜ್ಜಿಯವರನ್ನು ಕೇಳಿದರೆ, “ನಿಮಗೆ ಹೇಗೆ ತೋರುವುದೋ ಹಾಗೆ ಮಾಡಿ” ಎನ್ನುವುದಲ್ಲದೆ ಬೇರೆ ನುಡಿಯುತ್ತಿರಲಿಲ್ಲ.

ಲಾಲ್‌ಬಾಗಿಗೆ ಹೋಗಲು 2017ರಿಂದ ಮೆಟ್ರೋ ರೈಲಿನ ಹಸಿರು ಮಾರ್ಗದ ಅನುಕೂಲವು ಒದಗಿದೆ. ತೋಟದ ಹೆಸರನ್ನೇ ಹೊತ್ತ ನಿಲ್ದಾಣವೊಂದು ಅಲ್ಲಿದೆ. ತಾನಾಗಿ ಚಲಿಸುವ ಮೆಟ್ಟಿಲನ್ನು ಅಜ್ಜಿಯವರು ನಂಬಲಿಲ್ಲ. “ಮೆಟ್ಟಿಲು ನಿಂತಿರಬೇಕು, ನಾವು ಹತ್ತಬೇಕು, ಇದು ಯಾವ ನ್ಯಾಯ?” ಎಂದು ಕೇಳಿ ಲಿಫ್ಟಿನ ಕಡೆಗೆ ತಿರುಗಿದರು. ರೈಲು ಮನೆಗಳ ಮಾಳಿಗೆಗಳಿಗೆ ಸಮನಾಗಿ ಓಡುವುದನ್ನು ಕಂಡು ಹುಡುಗನಿಗೆ ಉಂಟಾದ ಸಂತೋಷವು ಅಷ್ಟಿಷ್ಟಲ್ಲ. ಎಂಟು ಗಂಟೆಯ ಎಳೆಬಿಸಿಲಿನಲ್ಲಿ ನಾವು ಪಶ್ಚಿಮದ ಬಾಗಿಲಿನಿಂದ ತೋಟವನ್ನು ಹೊಕ್ಕೆವು.

ಈ ತೋಟದ ಚರಿತ್ರೆಯನ್ನು ಸ್ವಲ್ಪ ಹೇಳುವುದು ಅವಶ್ಯ. 1760ರಲ್ಲಿ ಹೈದರ್ ಆಲಿಯು ಇದನ್ನು ಪ್ರಾರಂಭಿಸಿದನು. ಅವನ ಮಗನಾದ ಟಿಪ್ಪು ಸುಲ್ತಾನನು ದೂರದ ರಾಜ್ಯಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಇದನ್ನು ಬೆಳೆಸಿದನು. 1856ರಲ್ಲಿ ಇದು ಸರ್ಕಾರದ ಸಸ್ಯೋದ್ಯಾನವಾಯಿತು. ಈಗ ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿರುವ ಈ ಸ್ಥಳವನ್ನು ವಿಹಾರಕ್ಕೆ ಬಂದವರು ಉಪವನವೆಂದು ಮಾತ್ರ ಭಾವಿಸುವುದುಂಟು. ವಾಸ್ತವದಲ್ಲಿ ಸಸ್ಯೋದ್ಯಾನವೆಂಬುದು ಒಂದು ಬಗೆಯ ಪಾಠಶಾಲೆ. ಬೇರೆ ನೆಲದಲ್ಲಿ ಹುಟ್ಟಿದ ಗಿಡವು ಇಲ್ಲಿನ ಮಣ್ಣಿಗೂ ಮಳೆಗೂ ಬಿಸಿಲಿಗೂ ಒಗ್ಗುವುದೋ ಇಲ್ಲವೋ ಎಂಬುದನ್ನು ಅಲ್ಲಿ ಪರೀಕ್ಷಿಸುವರು. ಒಗ್ಗಿದುದನ್ನು ನಾಡಿಗೆಲ್ಲಾ ಹಂಚುವರು. ಇಲ್ಲಿರುವ ಮರಗಳಲ್ಲಿ ಬಹುಭಾಗವು ಹೀಗೆ ನೆಂಟರಾಗಿ ಬಂದು ಮನೆಯವರಾದವುಗಳೇ.

ಮರಗಳ ಮಾತು ಹಾಗಿರಲಿ, ಕಟ್ಟಡವೂ ಹೀಗೆ ಪರದೇಶದಿಂದ ಬಂದುದಾಗಿದೆ. ತೋಟದ ನಡುವೆ ನಿಂತಿರುವ ಗಾಜಿನ ಮನೆಗೆ 1889ನೆಯ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗನಾದ ಆಲ್ಬರ್ಟ್ ವಿಕ್ಟರ್ ರಾಜಕುಮಾರನು ಅಡಿಗಲ್ಲನ್ನಿಟ್ಟನು. ಲಂಡನ್ನಿನ ಸ್ಫಟಿಕ ಅರಮನೆಯ ಮಾದರಿಯಲ್ಲಿ ಇದನ್ನು ಕಟ್ಟಿದರು. ಇದರ ಎರಕದ ಕಬ್ಬಿಣದ ಕಂಬಗಳೂ ಕಮಾನುಗಳೂ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ತಯಾರಾಗಿ ಹಡಗಿನಲ್ಲಿ ಬಂದುವು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ಇಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಜನರು ಕಿಕ್ಕಿರಿದು ಸೇರುವರು. ಆ ದಿನ ಅಂಥ ಸಂದಣಿಯಿರಲಿಲ್ಲ. ಗಾಜಿನಿಂದ ಇಳಿದ ಬೆಳಕಿನ ಚೌಕಗಳಲ್ಲಿ ಕೂಸು ಒಂದರಿಂದ ಒಂದಕ್ಕೆ ಹೆಜ್ಜೆಯಿಡುತ್ತಾ, ಅವುಗಳನ್ನು ಕೈಯಿಂದ ಎತ್ತಿಕೊಳ್ಳಲು ನೋಡುತ್ತಾ ಬಹಳ ಹೊತ್ತು ಆಡಿತು.

ಅಲ್ಲಿಂದ ಮುಂದೆ ನಾಗಲಿಂಗದ ಮರದ ಬಳಿಗೆ ಬಂದೆವು. ಈ ಮರದ ಹೂಗಳು ಕೊಂಬೆಯ ತುದಿಯಲ್ಲಿ ಬಿಡದೆ, ಬೊಡ್ಡೆಯಿಂದಲೇ ಹೊರಟ ಬಳ್ಳಿಯಂಥ ಕಡ್ಡಿಗಳಲ್ಲಿ ಬಿಡುವುವು. ಹೂವಿನ ನಡುವೆ ಹೆಡೆಯೆತ್ತಿದ ನಾಗನಂತೆಯೂ ಅದರ ಕೆಳಗೆ ಲಿಂಗದಂತೆಯೂ ತೋರುವ ಆಕಾರವಿರುವುದರಿಂದ ನಮ್ಮ ಜನರು ಅದಕ್ಕೆ ಆ ಹೆಸರನ್ನಿಟ್ಟರು. ಇದರ ಕಾಯಿಯು ಫಿರಂಗಿಯ ಗುಂಡಿನಷ್ಟು ದಪ್ಪ, ಅಷ್ಟೇ ದುಂಡು. ಹುಡುಗನು ಅವುಗಳನ್ನು ಎಣಿಸತೊಡಗಿ ಇಪ್ಪತ್ತರ ಮೇಲೆ ಲೆಕ್ಕ ತಪ್ಪಿ ಪುನಃ ಒಂದರಿಂದ ಆರಂಭಿಸಿದನು. ಇದು ದಕ್ಷಿಣ ಅಮೆರಿಕದ ಮರವೆಂದು ನಾವು ಹೇಳಿದಾಗ ಹಿರಿಯ ಹುಡುಗಿಗೆ ಆಶ್ಚರ್ಯವಾಯಿತು. ದೇವಸ್ಥಾನಗಳ ಅಂಗಳದಲ್ಲಿ ಕಂಡ ಮರವು ಪರದೇಶದ್ದೆಂದರೆ ಅವಳು ಹೇಗೆ ನಂಬಬೇಕು?

“ಹಾಗಾದರೆ ಈ ಮರಕ್ಕೆ ತನ್ನ ಊರು ನೆನಪಾಗುವುದಿಲ್ಲವೆ?” ಎಂದು ಕೇಳಿದಳು.

“ಬೀಜವಾಗಿ, ಇಲ್ಲವೆ ಸಸಿಯಾಗಿ ಬಂದ ವಂಶದ್ದು, ಮಗಳೆ. ಇಲ್ಲಿಯೇ ಬೆಳೆದು ದೊಡ್ಡದಾಯಿತು. ಈಗ ಇದಕ್ಕೆ ಇದೇ ಊರು” ಎಂದು ನಾವು ಹೇಳಿದೆವು. ಅವಳು ಅಜ್ಜಿಯವರ ಮುಖವನ್ನು ನೋಡಿದಳು. ಅಜ್ಜಿಯವರು ಉದುರಿದ ಒಂದು ಹೂವನ್ನೆತ್ತಿ ಮೂಸಿ, ಏನನ್ನೂ ಹೇಳದೆ ಅವಳ ಕೈಗಿತ್ತರು.

ಅನಂತರ ದಾರಿಯುದ್ದಕ್ಕೂ ಮಕ್ಕಳಿಗೆ ಒಂದು ಆಟವೇ ಆಯಿತು, ಯಾವ ಮರವನ್ನು ಕಂಡರೂ “ಇದರ ಊರು ಯಾವುದು?” ಎಂಬ ಪ್ರಶ್ನೆ. ನೀಲಿಯ ಹೂವನ್ನು ನೆಲಕ್ಕೆಲ್ಲಾ ಹಾಸಿದ್ದ ಜಕರಂದವು ದಕ್ಷಿಣ ಅಮೆರಿಕದ್ದು. ಬೇಸಗೆಯಲ್ಲಿ ಕೆಂಡದಂತೆ ಅರಳುವ ಗುಲ್‌ಮೊಹರ್ ಮಡಗಾಸ್ಕರಿನದು. ಕೊಡೆಯಂತೆ ಹರಡಿದ ಮಳೆಮರವೂ ಅಮೆರಿಕದ ಉಷ್ಣಪ್ರದೇಶದ್ದೇ. ಅಡುಗೆಮನೆಯ ಕಡೆಗೆ ಮಾತು ತಿರುಗಿದಾಗ ಅಜ್ಜಿಯವರಿಗೂ ಕುತೂಹಲ ಹುಟ್ಟಿತು. ನಾವು ದಿನವೂ ತಿನ್ನುವ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೋ, ಸೀಬೆ, ಪರಂಗಿ ಇವೆಲ್ಲವೂ ಅಮೆರಿಕ ಖಂಡದಿಂದ ಬಂದುವು. ಪರಂಗಿಯೆಂಬ ಹೆಸರೇ ಅದು ಪರದೇಶದವರು ತಂದ ಹಣ್ಣೆಂದು ಸಾರುತ್ತಿದೆ. ಮೆಕ್ಸಿಕೋ ಪ್ರಾಂತದ ಸೀಮೆಬದನೆಯು ಈ ತೋಟದ ಮೂಲಕ ನಮ್ಮಲ್ಲಿ ಹರಡಿತೆನ್ನುವರು. ತಮಿಳುನಾಡಿನವರು ಅದನ್ನು ಬೆಂಗಳೂರು ಬದನೆಯೆಂದೇ ಕರೆಯುವರು.

“ಸೀಮೆ ಎಂದು ಹೆಸರಿನ ಮುಂದೆ ಇಟ್ಟಿರುವುದೆಲ್ಲಾ ಹೊರಗಿನದೇ ಅಲ್ಲವೆ?” ಎಂದರು ಅಜ್ಜಿಯವರು. “ಸೀಮೆಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ. ಮೆಣಸಿನಕಾಯಿಗೆ ಮಾತ್ರ ಸೀಮೆ ಎಂದು ಯಾರೂ ಅನ್ನಲಿಲ್ಲ, ನೋಡಿ. ಅದು ಪೂರಾ ನಮ್ಮದಾಗಿಹೋಯಿತು.” ಏಳು ತಿಂಗಳಲ್ಲಿ ಅವರು ಒಂದೇ ಉಸಿರಿನಲ್ಲಿ ಇಷ್ಟು ಮಾತನಾಡಿದುದನ್ನು ನಾವು ಕೇಳಿರಲಿಲ್ಲ.

ಗಿಡಗಳಂತೆಯೇ ಇಲ್ಲಿ ಬೇರೂರಿದ ಮನುಷ್ಯರೂ ಇದ್ದಾರೆ. ಜರ್ಮನಿಯ ಕ್ರುಂಬಿಗಲ್ ಎಂಬವರು 1908ರಲ್ಲಿ ಈ ತೋಟದ ಆಡಳಿತವನ್ನು ವಹಿಸಿಕೊಂಡರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ, ವರ್ಷವಿಡೀ ಎಲ್ಲಿಯಾದರೂ ಹೂವಿರುವಂತೆ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿಯು ಅವರದು. 1932ರಲ್ಲಿ ನಿವೃತ್ತರಾದ ಮೇಲೂ ಅವರು ಹುಟ್ಟಿದ ನಾಡಿಗೆ ಹೋಗಿ ನೆಲೆಸದೆ, 1956ರಲ್ಲಿ ಈ ಊರಿನಲ್ಲಿಯೇ ಮಡಿದರು. ತೋಟದ ಮಗ್ಗುಲ ರಸ್ತೆಗೆ ಅವರ ಹೆಸರಿದೆ. ಈ ವೃತ್ತಾಂತವನ್ನು ನಾವು ವಿವರಿಸಿದಾಗ, ಅದರಿಂದ ಅಜ್ಜಿಯವರಿಗೆ ಸ್ವಲ್ಪ ಸಮಾಧಾನವಾದೀತೆಂಬ ಆಸೆಯು ನಮ್ಮಲ್ಲಿತ್ತು. ಅವರು ಮನಸ್ಸಿಟ್ಟು ಕೇಳಿ, “ಅವರಿಗೆ ಇಲ್ಲಿ ಕೈತುಂಬ ಕೆಲಸವಿತ್ತು. ಕೆಲಸವಿದ್ದರೆ ಯಾವ ಊರಾದರೂ ಆಗುತ್ತದೆ” ಎಂದರು. ನಾವು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೆವು.

ಸ್ವಲ್ಪ ದೂರದಲ್ಲಿ ಮರಗಳ ನೆರಳಿನ ಒಂದು ಪಾತಿಯಲ್ಲಿ ಮಾಲಿಯೊಬ್ಬನು ಚೆಂಡುಹೂವಿನ ಸಸಿಗಳನ್ನು ಕಿತ್ತು ನೆಡುತ್ತಿದ್ದನು. ಅಜ್ಜಿಯವರು ಅಲ್ಲಿ ನಿಂತೇಬಿಟ್ಟರು. ಕೂಸು ಮಣ್ಣಿನ ಹೆಂಟೆಯನ್ನು ಕಂಡು ಕುಳಿತುಕೊಂಡಿತು. ಇರುವೆಗಳ ಸಾಲೊಂದು ಅದಕ್ಕೆ ದೊರೆಯಿತು.

“ಹೊತ್ತೇರಿದ ಮೇಲೆ ನೆಡುತ್ತಿದ್ದೀಯಲ್ಲಪ್ಪ, ಬಾಡುವುದಿಲ್ಲವೆ?” ಎಂದು ಅಜ್ಜಿಯವರು ಕೇಳಿದರು.

“ಸಂಜೆ ನೆಟ್ಟರೆ ಒಳ್ಳೆಯದೇ ಅಮ್ಮ. ಇಲ್ಲಿ ನೆರಳಿದೆ. ಕೀಳುವ ಮುಂಚೆ ಮಡಿಗೆ ನೀರು ಬಿಟ್ಟಿದ್ದೆ. ಬೇರಿನ ಮಣ್ಣು ಉದುರದ ಹಾಗೆ ತೆಗೆದರೆ ಏನೂ ಆಗುವುದಿಲ್ಲ” ಎಂದು ಅವನು ಒಂದು ಸಸಿಯನ್ನು ಅಂಗೈಯಲ್ಲಿಟ್ಟು ತೋರಿಸಿದನು. ಎಲೆಗಿಂತ ದೊಡ್ಡದಾದ ಮಣ್ಣಿನ ಮುದ್ದೆಯು ಬೇರಿನ ಸುತ್ತ ಅಂಟಿಕೊಂಡಿತ್ತು.

ಇದರ ಕಾರಣವನ್ನು ನಾವು ಹಿರಿಯ ಹುಡುಗಿಗೆ ತಿಳಿಸಿದೆವು. ಗಿಡವು ನೀರನ್ನು ಹೀರುವುದು ಕಣ್ಣಿಗೆ ಕಾಣುವ ದಪ್ಪ ಬೇರುಗಳಿಂದಲ್ಲ. ಅವುಗಳ ತುದಿಗಳಲ್ಲಿ ಕೂದಲಿಗಿಂತ ತೆಳ್ಳಗಿರುವ ಎಳೆಗಳಿಂದ. ಕಿತ್ತಾಗ ಮೊದಲು ಹರಿಯುವುವು ಅವೇ. ಬೇರು ನೀರನ್ನು ಎಳೆಯಲಾರದು, ಎಲೆಯು ಮಾತ್ರ ಬಿಸಿಲಿಗೆ ನೀರನ್ನು ಕಳೆದುಕೊಳ್ಳುತ್ತಲೇ ಇರುವುದು. ಆದುದರಿಂದ ಗಿಡವು ಬಾಡುವುದು. ಮಣ್ಣು ಸಮೇತ ಎತ್ತಿದರೆ ಆ ಎಳೆಗಳಲ್ಲಿ ಬಹುಪಾಲು ಉಳಿಯುವುವು. ದೊಡ್ಡ ಮರಗಳನ್ನು ಸ್ಥಳಾಂತರಿಸುವಾಗಲೂ ಇದೇ ಕ್ರಮ. ಸುತ್ತಲೂ ಅಗೆದು, ಬೇರಿನ ಮಣ್ಣನ್ನು ಗೋಣಿಯಿಂದ ಬಿಗಿದು, ಕೊಂಬೆಗಳನ್ನು ಸವರಿ ಸಾಗಿಸುವರು. ಈಚೆಗೆ ಬೆಂಗಳೂರಿನಲ್ಲಿ ರಸ್ತೆಗಳಿಗಾಗಿಯೂ ರೈಲುಮಾರ್ಗಕ್ಕಾಗಿಯೂ ಹಲವು ಮರಗಳನ್ನು ಹೀಗೆ ಸಾಗಿಸಿದುದುಂಟು. ಕೆಲವು ಚಿಗುರಿದುವು, ಕೆಲವು ಒಣಗಿದುವು.

ಅಷ್ಟರಲ್ಲಿ ಹುಡುಗನು “ಬಂಡೆ, ಬಂಡೆ” ಎಂದು ಅವಸರಪಡಿಸತೊಡಗಿದನು. ಲಾಲ್‌ಬಾಗಿನ ಬಂಡೆಯು ಮಕ್ಕಳಿಗೆ ಹೂವಿಗಿಂತಲೂ ಪ್ರಿಯ. ಅದರ ನೆತ್ತಿಯಲ್ಲಿ ಕೆಂಪೇಗೌಡನ ಹೆಸರಿನ ಪುಟ್ಟ ಗೋಪುರವಿದೆ. ಭೂಶಾಸ್ತ್ರಜ್ಞರು ಈ ಬಂಡೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷಗಳೆಂದು ಹೇಳುವರು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ತೋಟದಲ್ಲಿರುವ ವಸ್ತುಗಳಲ್ಲಿ ಎಲ್ಲಿಂದಲೂ ಬಾರದೆ ಇದ್ದಲ್ಲಿಯೇ ಇರುವುದು ಇದೊಂದೇ ಎಂದು ತೋರುವುದು. ಮಕ್ಕಳು ಅದರ ಇಳಿಜಾರಿನಲ್ಲಿ ಹತ್ತುವುದೂ ಜಾರುವುದೂ ಆರಂಭವಾಯಿತು. ಹುಡುಗನ ಚಡ್ಡಿಯ ಹಿಂಭಾಗವು ಅಂದು ಬಂಡೆಗೆ ಅರ್ಪಣೆಯಾಯಿತು. ಅಜ್ಜಿಯವರು ಚಪ್ಪಲಿಯನ್ನು ಬಿಟ್ಟು ಬರಿಗಾಲಿನಲ್ಲಿ ನಿಧಾನವಾಗಿ ಮೇಲಕ್ಕೆ ಬಂದು ಕುಳಿತರು. ಗಾಳಿಯು ಚೆನ್ನಾಗಿ ಬೀಸುತ್ತಿತ್ತು.

ಅಲ್ಲಿ ಅವರು ತಾವಾಗಿಯೇ ಮಾತನ್ನೆತ್ತಿದರು.

“ನಾನು ಮದುವೆಯಾಗಿ ಬಂದಾಗ ಹದಿನೆಂಟು ವರ್ಷ. ನನ್ನ ತವರು ಹಾಸನದ ಆಚೆ, ಮಳೆಯ ಸೀಮೆ. ಇಲ್ಲಿಗೆ ಬಂದರೆ ಎಲ್ಲಿ ನೋಡಿದರೂ ತೆಂಗು, ಬಿಸಿಲು. ಮೂರು ತಿಂಗಳು ಅತ್ತೆ. ನಿಮ್ಮ ತಾತನವರು ಆಗ ಒಂದು ಮಾತೂ ಆಡಲಿಲ್ಲ. ಮುಂಗಾರು ಹಿಡಿದ ಮೇಲೆ ನನ್ನ ತವರಿಗೆ ಹೋಗಿ, ಹಿತ್ತಿಲಿನ ಹಲಸಿನ ಮರದಡಿ ಹುಟ್ಟಿದ್ದ ಒಂದು ಸಸಿಯನ್ನು ಒಂದು ಮಂಕರಿ ಮಣ್ಣಿನೊಂದಿಗೆ ಅಗೆದು ತಂದರು. ಹಲಸಿನ ತಾಯಿಬೇರು ಬಹಳ ಸೂಕ್ಷ್ಮ. ಸ್ವಲ್ಪ ನೊಂದರೂ ಬದುಕುವುದಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರಂತೆ. ‘ನಿನ್ನ ಊರಿನ ಮಣ್ಣು ಬಂದಿದೆ, ಇನ್ನು ಅಳಬೇಡ’ ಎಂದರು. ಅದೇ ಬಾವಿಯ ಬಳಿ ಇರುವ ಮರ. ನೀವೆಲ್ಲಾ ಅದರ ಹಣ್ಣನ್ನು ತಿಂದಿದ್ದೀರಿ.”

ಹಿರಿಯ ಹುಡುಗಿಯು ಆಟವನ್ನು ಬಿಟ್ಟು ಬಂದು ಅವರ ಮಗ್ಗುಲಲ್ಲಿ ಕುಳಿತಿದ್ದಳು. ಅಜ್ಜಿಯವರು ಅವಳ ತಲೆಯ ಮೇಲೆ ಕೈಯಿಟ್ಟು, ನಮ್ಮ ಕಡೆಗೆ ನೋಡದೆ, “ಆ ಮನೆಯನ್ನು ಮಾರಬೇಡಿ” ಎಂದರು. “ಯುಗಾದಿ ಕಳೆದ ಮೇಲೆ ನಾನು ಅಲ್ಲಿಗೆ ಹೋಗುತ್ತೇನೆ. ತೆಂಗಿಗೆ ನೀರು ನೋಡುವವರು ಬೇಕು. ಹಲಸು ಈ ವರ್ಷವೂ ಬಿಟ್ಟಿರುತ್ತದೆ. ರಜಕ್ಕೆ ಮಕ್ಕಳನ್ನು ಕಳುಹಿಸಿ. ಚಳಿಗಾಲಕ್ಕೆ ಬೇಕಾದರೆ ಇಲ್ಲಿಗೆ ಬರುತ್ತೇನೆ.”

ನಾವು ಒಡನೆಯೇ ಉತ್ತರ ಕೊಡಲಿಲ್ಲ. ರಾತ್ರಿ ಹೊತ್ತು ಏನಾದರೂ ಆದರೆ ಯಾರಿದ್ದಾರೆ, ಔಷಧವನ್ನು ನೆನಪಿನಿಂದ ತೆಗೆದುಕೊಳ್ಳುವರೋ ಇಲ್ಲವೋ ಎಂಬ ಚಿಂತೆಗಳು ನಮಗಿದ್ದುವು, ಈಗಲೂ ಇವೆ. ಆದರೆ ಏಳು ತಿಂಗಳ ಕಾಲ “ನಿಮಗೆ ತೋರಿದಂತೆ” ಎಂದವರು ಅಂದು ತಮಗೆ ಬೇಕಾದುದನ್ನು ಬಾಯಿಬಿಟ್ಟು ಹೇಳಿದ್ದರು. ಅದನ್ನು ತಳ್ಳಿಹಾಕುವ ಧೈರ್ಯವು ನಮಗುಂಟಾಗಲಿಲ್ಲ, ಮನಸ್ಸೂ ಇರಲಿಲ್ಲ. ನೆರೆಮನೆಯ ಹುಡುಗಿಯು ರಾತ್ರಿ ಜೊತೆಗೆ ಮಲಗುವಂತೆ ಏರ್ಪಾಡು ಮಾಡಬಹುದೆಂದೂ, ದಿನವೂ ಎರಡು ಹೊತ್ತು ದೂರವಾಣಿಯಲ್ಲಿ ಮಾತನಾಡತಕ್ಕುದೆಂದೂ ಬಂಡೆಯ ಮೇಲೆಯೇ ನಿಶ್ಚಯಿಸಿದೆವು. ಕೊಳ್ಳುವವರಿಗೆ ಇಲ್ಲವೆಂದು ತಿಳಿಸುವುದೆಂದೂ ಆಯಿತು. ಏನೂ ತಿಳಿಯದ ಹುಡುಗನು ಆ ಕ್ಷಣದಲ್ಲಿ ಬಂದು ತನಗೆ ಹಸಿವೆಂದನು.

ಹೊರಡುವ ಮುಂಚೆ ಸಸಿಗಳನ್ನು ಮಾರುವ ಸ್ಥಳಕ್ಕೆ ಹೋದೆವು. ಹಲಸಿನ ಜೊತೆಗೆ ಒಂದು ಸಂಪಿಗೆಯಿರಲೆಂದು ಮಕ್ಕಳ ಆಸೆ. ಹುಡುಗಿಯು ಎತ್ತರವಾಗಿ ಬೆಳೆದು ಮೊಗ್ಗಾಗಿದ್ದ ಗಿಡವನ್ನು ತೋರಿಸಿದಳು. ಅಜ್ಜಿಯವರು ಅದರ ಚೀಲವನ್ನು ಒತ್ತಿನೋಡಿ, “ಇದರ ಬೇರು ಚೀಲದೊಳಗೇ ಸುತ್ತಿಕೊಂಡಿದೆ ಪುಟ್ಟಿ. ನೆಟ್ಟರೂ ಅದು ಹಾಗೆಯೇ ಸುತ್ತುತ್ತಿರುತ್ತದೆ. ಚಿಕ್ಕದನ್ನು ತೆಗೆದುಕೋ” ಎಂದು ಮೊಣಕಾಲೆತ್ತರದ ಒಂದನ್ನು ಆರಿಸಿದರು. ಅದನ್ನು ಎತ್ತಿಕೊಂಡು, 1924ರಲ್ಲಿ ಪ್ರಾರಂಭವಾದ ಮಾವಳ್ಳಿಯ ಹೆಸರಾಂತ ಉಪಾಹಾರಗೃಹದ ಮುಂದೆ ಸರದಿಗಾಗಿ ಕಾದು, ರವೆ ಇಡ್ಲಿಯನ್ನು ತಿಂದು ಮನೆಗೆ ಬಂದೆವು. ಯುಗಾದಿಯಾದ ಹತ್ತನೆಯ ದಿನ ಅಜ್ಜಿಯವರೂ ಸಂಪಿಗೆಯೂ ಹಳ್ಳಿಗೆ ಹೋದರು. ಗಿಡವು ಎರಡು ಎಲೆಗಳನ್ನು ಉದುರಿಸಿ ಆಮೇಲೆ ಚಿಗುರಿತೆಂದು ದೂರವಾಣಿಯಲ್ಲಿ ವರ್ತಮಾನ ಬಂದಿತು.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋಗುವವರಿಗೆ ನಮ್ಮ ಸಲಹೆಯು ಇಷ್ಟೇ: ಬಿಸಿಲೇರುವ ಮುಂಚೆ ಹೋಗಿರಿ, ನಾಲ್ಕೈದು ಮರಗಳನ್ನು ಮಾತ್ರ ಆರಿಸಿಕೊಂಡು ಅವುಗಳ ಊರನ್ನು ವಿಚಾರಿಸಿರಿ, ಇರುವೆಗಳಿಗೂ ಬಂಡೆಗೂ ಸಾಕಷ್ಟು ಕಾಲವನ್ನು ಬಿಡಿರಿ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿರಿ.

ಈ ಸಂಚಿಕೆಯನ್ನು ಓದುವ ಸೋದರಿಯರೇ, ನಿಮ್ಮಲ್ಲಿ ಹಲವರು ಈ ವರ್ಷವೋ ಮುಂದಿನ ವರ್ಷವೋ ಶಾಲೆಯನ್ನು ಬಿಟ್ಟು ಹೊರಡುವಿರಿ. ವಿದ್ಯೆಗಾಗಿ, ಉದ್ಯೋಗಕ್ಕಾಗಿ, ವಿವಾಹದ ನಿಮಿತ್ತವಾಗಿ ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿಯೂ ನೆಲೆಸುವಿರಿ. ಮೊದಲಿನ ಕೆಲವು ದಿನ ಎಲ್ಲರೂ ಬಾಡುವುದುಂಟು, ಅದಕ್ಕಾಗಿ ಅಂಜಬೇಕಾದುದಿಲ್ಲ. ಬೇರಿನ ಮಣ್ಣನ್ನು ಮಾತ್ರ ಪೂರ್ತಿಯಾಗಿ ಉದುರಿಸಿಕೊಂಡು ಹೋಗಬೇಡಿರಿ. ನಿಮ್ಮ ನುಡಿ, ಮನೆಯ ಅಡುಗೆ, ಸಹಪಾಠಿಗಳ ಸ್ನೇಹ, ಕೈಕೆಲಸ ಇವುಗಳಲ್ಲಿ ಯಾವುದಾದರೊಂದು ನಿಮ್ಮೊಡನೆ ಬರಲಿ. ನಿಮ್ಮ ಮನೆಗೆ ಹೊಸದಾಗಿ ಬರುವವರು ಯಾರಾದರೂ ಇದ್ದರೆ, ಅವರ ಊರಿನಿಂದ ಒಂದು ಮಂಕರಿ ಮಣ್ಣನ್ನು ತಂದುಕೊಡುವಷ್ಟು ದಯೆಯು ನಿಮ್ಮಲ್ಲಿರಲೆಂದು ಹಾರೈಸುತ್ತೇವೆ.